ದಾಕ್ಷಿಣ್ಯದ ದೇಶ: ಥಾಯ್ ಬದುಕಿನ ಒಳಹೆಣಿಗೆ

ಬ್ಯಾಂಕಾಕಿನ ಗಲ್ಲಿಯೊಂದರ ಮೂಲೆಯಲ್ಲಿ ನೂಡಲ್ಸ್ ಗಾಡಿ. ಬಟ್ಟಲು ತಂದಿಡುವ ಹುಡುಗಿಯನ್ನು ಗಿರಾಕಿ ‘ನೋಂಗ್’ ಎಂದು ಕರೆಯುತ್ತಾನೆ. ನೋಂಗ್ ಅಂದರೆ ತಂಗಿ. ಹುಡುಗ ಬಂದಿದ್ದರೂ ಅದೇ ಮಾತು, ತಮ್ಮ ಅನ್ನುವ ಅರ್ಥದಲ್ಲಿ. ಗಾಡಿಯ ಒಡತಿಗೆ ಐವತ್ತು ದಾಟಿದ್ದರೆ ಆಕೆ ‘ಪಾ’, ದೊಡ್ಡಮ್ಮ. ಗಲ್ಲಿಯ ಬಾಯಲ್ಲಿ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು ಕಾಯುವ ಬೈಕ್ ಟ್ಯಾಕ್ಸಿಯವನು ತನಗಿಂತ ನಾಲ್ಕು ವರ್ಷ ದೊಡ್ಡವನಂತೆ ಕಂಡರೆ ‘ಪೀ’, ಅಣ್ಣ. ಕಚೇರಿಯಲ್ಲೂ ಇದೇ ಲೆಕ್ಕ. ಮನೆಯಲ್ಲಿ ಹೆಂಡತಿ ಗಂಡನನ್ನು ಕರೆಯುವುದೂ ಎಷ್ಟೋ ಸಲ ‘ಪೀ’ ಎಂದೇ. ಇದನ್ನು ಕೇಳಿದ ಕನ್ನಡಿಗನಿಗೆ ಒಂದು ಗಳಿಗೆ ಕಸಿವಿಸಿಯಾದರೆ ತಪ್ಪೇನಿಲ್ಲ.

ನಾವೂ ಕಂಡಕ್ಟರನನ್ನು ಅಣ್ಣ ಅನ್ನುತ್ತೇವೆ, ತರಕಾರಿ ಮಾರುವವಳನ್ನು ಅಕ್ಕ ಅನ್ನುತ್ತೇವೆ. ಎದುರಾದವರನ್ನು ಅಲ್ಲಿಯೂ ‘ಕಿನ್ ಖಾವ್ ರೂ ಯಂಗ್’ ಎಂದು ವಿಚಾರಿಸುತ್ತಾರೆ: ಅನ್ನ ತಿಂದಾಯ್ತಾ? ನಮ್ಮ ‘ಊಟ ಆಯ್ತಾ’ದ ಹಾಗೆಯೇ ಅದಕ್ಕೂ ಉತ್ತರ ಮುಖ್ಯವಲ್ಲ. ಆದರೆ ನಮಗೊಂದು ಅನುಕೂಲವಿದೆ. ಅಣ್ಣ-ಅಕ್ಕ ಬೇಡವೆನಿಸಿದಾಗ ‘ನೀವು’ ಎಂದು ಹೇಳಿ ದಾಟಿಕೊಳ್ಳಬಹುದು. ಥಾಯ್ ಭಾಷೆಯಲ್ಲಿ ‘ಖುನ್’ ಎಂಬ ಮಾತಿದೆ, ನಮ್ಮ ‘ಗುಣ’ವೇ ಅಲ್ಲಿ ಹೋಗಿ ಹಾಗಾದದ್ದು, ಅದು ಮಾತ್ರ ಬ್ಯಾಂಕಿನ ಕೌಂಟರಿನಷ್ಟು ತಣ್ಣಗಿನ ಪದ. ಸಲಿಗೆಯ ನಾಲ್ಕು ಮಾತು ಬೆಳೆಯಬೇಕಾದರೆ ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ಮೊದಲು ತೀರ್ಮಾನವಾಗಬೇಕು. ಅದಕ್ಕೇ ಪರಿಚಯವಾದ ಐದು ನಿಮಿಷಕ್ಕೆ ವಯಸ್ಸು ಕೇಳುತ್ತಾರೆ. ಅವಳಿ ಮಕ್ಕಳಲ್ಲೂ ಒಬ್ಬರು ಪೀ, ಇನ್ನೊಬ್ಬರು ನೋಂಗ್.

ಥಾಯ್ ಸಮಾಜದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಗು, ಗುಡಿ, ಅಡುಗೆಗಳಿಂದ ಶುರುಮಾಡಿ ಸೈನಿಕ ದಂಗೆ, ಮೈಮಾರಾಟಗಳಲ್ಲಿ ಮುಗಿಸುತ್ತಾರೆ. ಎರಡು ಬೇರೆ ಬೇರೆ ದೇಶಗಳ ಕಥೆಯೇನೋ ಅನ್ನುವ ಹಾಗೆ. ನನಗೆ ಅವೆರಡೂ ಒಂದೇ ನೂಲಿನ ನೇಯ್ಗೆಯಾಗಿ ಕಾಣುತ್ತವೆ. ಅಪರಿಚಿತನನ್ನು ಒಡಹುಟ್ಟಿದವನನ್ನಾಗಿ ಮಾಡಿಕೊಳ್ಳುವ ಆ ಮಾತೇ ಅವನನ್ನು ಮೇಲಕ್ಕೋ ಕೆಳಕ್ಕೋ ಕೂರಿಸುತ್ತದೆ. ಅಕ್ಕರೆಯೂ ಅದೇ, ಅಂತಸ್ತೂ ಅದೇ. ಈಗ ಅಲ್ಲಿ ನಡೆಯುತ್ತಿರುವ ಬಹುಪಾಲು ಜಗಳ, ಅಕ್ಕರೆಯನ್ನು ಉಳಿಸಿಕೊಂಡು ಅಂತಸ್ತನ್ನು ಕಳಚಲು ಆಗುತ್ತದೆಯೇ ಅನ್ನುವುದರ ಸುತ್ತಲೇ ಇದೆ.

‘ಕ್ರೆಂಗ್ ಜೈ’ ಎಂಬ ಮಾತಿಗೆ ಇಂಗ್ಲಿಷಿನವರು ಪುಟಗಟ್ಟಲೆ ವಿವರಣೆ ಬರೆದಿದ್ದಾರೆ. ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ, ಅದು ದಾಕ್ಷಿಣ್ಯ. ಇನ್ನೊಬ್ಬರಿಗೆ ತೊಂದರೆಯಾದೀತೆಂದು, ದೊಡ್ಡವರ ಮನಸ್ಸಿಗೆ ಕಿರಿಕಿರಿಯಾದೀತೆಂದು ತನ್ನ ಮಾತನ್ನು ನುಂಗಿಕೊಳ್ಳುವುದು. ಅರ್ಥವಾಗದಿದ್ದರೂ ವಿದ್ಯಾರ್ಥಿ ಕೈ ಎತ್ತುವುದಿಲ್ಲ. ಲೆಕ್ಕ ತಪ್ಪಿದೆ ಎಂದು ಗೊತ್ತಿದ್ದರೂ ಗುಮಾಸ್ತ ಸಾಹೇಬರಿಗೆ ಹೇಳುವುದಿಲ್ಲ. ಹೇಳಿದರೆ ಸಾಹೇಬರಿಗೆ ಮುಖಭಂಗ, ‘ಸಿಯಾ ನಾ’. ತಪ್ಪು ಬಯಲಾದ ಮೇಲೂ ಎಲ್ಲರೂ ‘ಮೈ ಪೆನ್ ರಾಯ್’ ಅನ್ನುತ್ತಾರೆ: ಇರಲಿ ಬಿಡಿ. ಪ್ರವಾಸಿಗಳು ಈ ‘ಇರಲಿ ಬಿಡಿ’ಯನ್ನು ಥಾಯ್ ಜನರ ನಿರಾಳ ಸ್ವಭಾವ ಅಂದುಕೊಂಡು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಬರುತ್ತಾರೆ. ದಾಕ್ಷಿಣ್ಯದಲ್ಲಿ ಬೆಳೆದ ನಮಗೆ ಗೊತ್ತು, ಆ ಮಾತಿನ ಹಿಂದೆ ನಿರಾಳಕ್ಕಿಂತ ನುಂಗಿಕೊಂಡದ್ದೇ ಹೆಚ್ಚು ಇರುತ್ತದೆ.

ಈ ಮೇಲು-ಕೆಳಗಿಗೆ ಬರಹದ ಲೆಕ್ಕವೇ ಇತ್ತು. ಹದಿನೈದನೆಯ ಶತಮಾನದಲ್ಲಿ ಅಯುತ್ತಯದ ಅರಸ ತ್ರೈಲೋಕನಾಥ ಪ್ರತಿಯೊಬ್ಬ ಪ್ರಜೆಗೂ ಒಂದು ಅಂಕಿಯನ್ನು ಕೊಟ್ಟ. ಗುಲಾಮನಿಗೆ 5, ಸಾಮಾನ್ಯ ಒಕ್ಕಲಿಗೆ 25, ದೊಡ್ಡ ಮಂತ್ರಿಗೆ 10,000. ಆ ಪದ್ಧತಿಯ ಹೆಸರು ‘ಸಕ್ದಿನಾ’. ‘ಸಕ್ದಿ’ ನಮ್ಮ ಶಕ್ತಿ, ‘ನಾ’ ಅವರ ಗದ್ದೆ. ಯಾರಿಗೆ ಎಷ್ಟು ಶಕ್ತಿ ಅನ್ನುವುದನ್ನು ಗದ್ದೆಯ ಅಳತೆಯಲ್ಲಿ ಹೇಳುವ ಪದ. ಮನುಷ್ಯನ ತೂಕ ಅಂಕಿಯಲ್ಲಿದ್ದುದರಿಂದ ಅಪರಾಧಕ್ಕೆ ದಂಡವೂ ಅದೇ ಅಂಕಿಯ ಮೇಲೆ ನಿಂತಿತ್ತು. 1905ರಲ್ಲಿ ಚುಲಲೊಂಗ್‌ಕೊರ್ನ್ ಅರಸ ಗುಲಾಮಗಿರಿಯನ್ನು ಕೊನೆಗಾಣಿಸಿದ. 1932ರ ಜೂನ್ 24ರಂದು ಒಂದಿಷ್ಟು ಅಧಿಕಾರಿಗಳು, ಸೈನಿಕರು ಸೇರಿ ಅರಸೊತ್ತಿಗೆಯನ್ನು ಸಂವಿಧಾನದ ಚೌಕಟ್ಟಿನೊಳಗೆ ತಂದರು. ಅಂಕಿಗಳು ಹೋದವು. ಅಂಕಿಗಳ ಕಡೆಗಿದ್ದ ಭಯಭಕ್ತಿ ಹೋಯಿತೆಂದು ಹೇಳಲಾರೆ. 1957ರಲ್ಲಿ ಸಕ್ದಿನಾದ ಬಗ್ಗೆ ಕಟುವಾದ ಪುಸ್ತಕ ಬರೆದ ಚಿತ್ ಫುಮಿಸಾಕ್ ಎಂಬ ಪಂಡಿತ ಮುಂದೆ ಜೈಲು ಕಂಡು, ಕಾಡು ಸೇರಿ, 1966ರಲ್ಲಿ ಗುಂಡಿಗೆ ಬಲಿಯಾದ. ಇಂದಿನ ಬ್ಯಾಂಕಾಕಿನ ಹುಡುಗರು ದರ್ಪದ ಮೇಲಧಿಕಾರಿಯನ್ನು ಬೈಯಲು ಬಳಸುವ ಮಾತುಗಳಲ್ಲಿ ‘ಸಕ್ದಿನಾ’ ಕೂಡ ಒಂದು.

ಇಲ್ಲಿ ಕನ್ನಡ ಓದುಗರಿಗೆ ಒಂದು ಎಚ್ಚರದ ಮಾತು ಹೇಳಬೇಕು. ಥಾಯ್ ಭಾಷೆಯ ಒಳಹೊಕ್ಕರೆ ನಮ್ಮ ಮನೆಯ ಪಾತ್ರೆಗಳೇ ಅಲ್ಲಲ್ಲಿ ಕಾಣಸಿಗುತ್ತವೆ. ಟಿವಿಗೆ ಅವರು ‘ತೋರತತ್’ ಅನ್ನುತ್ತಾರೆ, ಅದು ದೂರದರ್ಶನ. ಫೋನು ‘ತೋರಸಪ್’, ದೂರಶಬ್ದ. ಭಾನುವಾರ ‘ಆತಿತ್’, ಆದಿತ್ಯ. ಮೇಷ್ಟರು ‘ಖ್ರೂ’. ಸೈನಿಕ ದಂಗೆಗೆ ‘ರತ್ತಪ್ರಹಾನ್’, ರಾಷ್ಟ್ರಪ್ರಹಾರ. ಇಷ್ಟು ನೇರವಾದ ಪದ ನಮ್ಮ ಪತ್ರಿಕೆಗಳಿಗೂ ಹೊಳೆದಿಲ್ಲ. ಇದನ್ನೆಲ್ಲ ಕಂಡ ನಮ್ಮವರು ‘ಎಲ್ಲ ನಮ್ಮದೇ’ ಎಂದು ಎದೆಯುಬ್ಬಿಸಿಕೊಂಡು ಬರುತ್ತಾರೆ. ಆದರೆ ಕೈಮುಗಿದು ಅವರು ಹೇಳುವ ‘ಸವಾತ್ದಿ’ಯನ್ನು ನೋಡಿ. ನಮ್ಮ ಶಾಸನಗಳ ತಲೆಯಲ್ಲಿರುವ ‘ಸ್ವಸ್ತಿ’ಯೇ ಅದು ನಿಜ. ಅದು ಸಾವಿರ ವರ್ಷದಿಂದ ಜನರ ಬಾಯಲ್ಲಿ ಉಳಿದು ಬಂದದ್ದಲ್ಲ. 1930ರ ದಶಕದಲ್ಲಿ ಚುಲಲೊಂಗ್‌ಕೊರ್ನ್ ವಿಶ್ವವಿದ್ಯಾಲಯದ ಭಾಷಾಪಂಡಿತರೊಬ್ಬರು ರೂಪಿಸಿದ ನಮಸ್ಕಾರ. 1943ರಲ್ಲಿ ಸರ್ಕಾರ ಅದನ್ನು ಅಧಿಕೃತ ಮಾಡಿತು.

ಆ ಕಾಲದ ಸರ್ಕಾರ ಫೀಲ್ಡ್ ಮಾರ್ಷಲ್ ಫಿಬೂನ್‌ನದು. ಸಯಾಮ್ ಎಂಬ ಹೆಸರನ್ನು 1939ರಲ್ಲಿ ಥಾಯ್ಲೆಂಡ್ ಎಂದು ಬದಲಿಸಿದವನು ಅವನೇ. ಮುಂದಿನ ಮೂರು ವರ್ಷಗಳಲ್ಲಿ ಹನ್ನೆರಡು ‘ಸಾಂಸ್ಕೃತಿಕ ಆದೇಶ’ಗಳು ಹೊರಟವು. ಹೊರಗೆ ಹೋಗುವಾಗ ಟೋಪಿ ಇರಬೇಕು, ಎಲೆ-ಅಡಿಕೆ ಜಗಿಯಬಾರದು, ಬಾವುಟಕ್ಕೆ ನಿಂತು ಗೌರವ ಕೊಡಬೇಕು ಎಂಬಂಥ ಕಟ್ಟಳೆಗಳ ಕಾಲ ಅದು. ಇಂದು ‘ಪ್ರಾಚೀನ ಥಾಯ್ ತಿನಿಸು’ ಎಂದು ಲೋಕವೆಲ್ಲ ಚಪ್ಪರಿಸುವ ಪಾಡ್ ಥಾಯ್, ಚೀನೀ ಶೈಲಿಯ ನೂಡಲ್ಸಿಗೆ ದೇಶದ ಹೆಸರಿಟ್ಟು ಅವನ ಸರ್ಕಾರ ಪ್ರಚಾರ ಮಾಡಿದ್ದು. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಉದ್ಯಾನಗಳಲ್ಲಿ, ರೈಲು ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ. ಓಡುತ್ತಿದ್ದವರು ನಿಂತ ಕಾಲಲ್ಲಿ ನಿಲ್ಲುತ್ತಾರೆ. ಸಂಪ್ರದಾಯ ಎಂದು ನಾವು ಕ್ಯಾಮೆರಾ ಹಿಡಿಯುವ ಎಷ್ಟೋ ಸಂಗತಿಗಳ ವಯಸ್ಸು ನಮ್ಮ ಅಜ್ಜಂದಿರಿಗಿಂತ ಹೆಚ್ಚೇನಲ್ಲ.

ಹೆಸರುಗಳದೂ ಇಂಥದೇ ಕಥೆ. ಮನೆತನದ ಹೆಸರು ಕಡ್ಡಾಯವಾದದ್ದು 1913ರ ಕಾನೂನಿನಿಂದ. ದಾಖಲೆಯಲ್ಲಿ ಸಂಸ್ಕೃತ ತುಂಬಿದ ಉದ್ದನೆಯ ಹೆಸರು. ಬಾಯಲ್ಲಿ ಮಾತ್ರ ‘ಲೆಕ್’ (ಪುಟ್ಟ), ‘ನೋಕ್’ (ಹಕ್ಕಿ), ‘ಮೂ’ (ಹಂದಿ), ‘ಕುಂಗ್’ (ಸೀಗಡಿ), ಈಚೆಗೆ ‘ಬೆಂಜ್’, ‘ಬ್ಯಾಂಕ್’, ‘ಐಸ್’. ವರ್ಷಗಟ್ಟಲೆ ಪಕ್ಕದ ಮೇಜಿನಲ್ಲಿ ಕೂತವರ ಅಸಲಿ ಹೆಸರು ಗೊತ್ತಿಲ್ಲದೆ ಇರುವುದು ಅಲ್ಲಿ ವಿಶೇಷವಲ್ಲ.

ಇನ್ನು ಪುಣ್ಯದ ವಿಚಾರ. ಥಾಯ್ ಬಾಯಲ್ಲಿ ‘ಬುನ್’. ಮುಂಜಾನೆ ಭಿಕ್ಷಾಪಾತ್ರೆಗೆ ಅನ್ನ ಹಾಕುವುದು ಬುನ್, ಗುಡಿಗೆ ಹಂಚು ಕೊಡಿಸುವುದು ಬುನ್, ಪಂಜರದ ಹಕ್ಕಿಯನ್ನು ದುಡ್ಡು ಕೊಟ್ಟು ಬಿಡಿಸುವುದೂ ಬುನ್ (ಹಾರಿಹೋಗಲೆಂದೇ ಹಿಡಿದು ತಂದ ಹಕ್ಕಿ ಅದು ಅನ್ನುವುದು ಬೇರೆ ಮಾತು). ಗಂಡುಮಕ್ಕಳು ಬದುಕಿನಲ್ಲಿ ಒಮ್ಮೆಯಾದರೂ, ಮಳೆಗಾಲದ ಮೂರು ತಿಂಗಳೋ ಇಲ್ಲ ಹದಿನೈದು ದಿನವೋ, ತಲೆ ಬೋಳಿಸಿ ಕಾವಿ ಉಡುತ್ತಾರೆ. ಅದು ತಾಯಿಯ ಎದೆಹಾಲಿನ ಋಣ ತೀರಿಸುವ ದಾರಿ. ಮಗನ ಕಾವಿಯ ಅಂಚು ಹಿಡಿದು ತಾಯಿ ಸ್ವರ್ಗಕ್ಕೆ ಹೋಗುತ್ತಾಳೆ ಎಂದು ಹಳ್ಳಿಗರು ಹೇಳುತ್ತಾರೆ.

ಹಾಗಾದರೆ ಮಗಳು ಋಣ ತೀರಿಸುವುದು ಹೇಗೆ? ಅವಳಿಗೆ ಕಾವಿ ಇಲ್ಲ. 1928ರಲ್ಲಿ ಸಂಘದ ಹಿರಿಯರು ಹೆಂಗಸರಿಗೆ ದೀಕ್ಷೆ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಬಿಳಿ ಸೀರೆಯಂಥ ಬಟ್ಟೆ ಉಟ್ಟ ‘ಮೆ ಚೀ’ಗಳಾಗಿ ಗುಡಿಯಂಗಳ ಗುಡಿಸಿ, ಭಿಕ್ಷುಗಳಿಗೆ ಅಡುಗೆ ಮಾಡಿಕೊಂಡು ಇರಬಹುದು. ಓಟಿನ ವಿಷಯ ಬಂದಾಗ ಅವರನ್ನು ಸನ್ಯಾಸಿಗಳೆಂದು ಹೊರಗಿಡುತ್ತಾರೆ, ಸವಲತ್ತಿನ ವಿಷಯ ಬಂದಾಗ ಸನ್ಯಾಸಿಗಳಲ್ಲ ಅನ್ನುತ್ತಾರೆ. ಇದನ್ನು ಸಹಿಸದೆ ಚತ್ಸುಮಾನ್ ಕಬಿಲಸಿಂಗ್ ಎಂಬ ಪ್ರಾಧ್ಯಾಪಕಿ ಶ್ರೀಲಂಕಾಕ್ಕೆ ಹೋಗಿ 2003ರಲ್ಲಿ ಪೂರ್ಣ ದೀಕ್ಷೆ ಪಡೆದು ಧಮ್ಮಾನಂದಾ ಭಿಕ್ಷುಣಿಯಾದರು. ಅವರು ಓದಿದ್ದು ನಮ್ಮ ಶಾಂತಿನಿಕೇತನದಲ್ಲಿ. ನಾಖೋನ್ ಪಥೋಮ್‌ನಲ್ಲಿರುವ ಅವರ ಆಶ್ರಮವನ್ನು ಕಟ್ಟಿದ್ದು ಅವರ ತಾಯಿ. ಆಕೆಯೂ ತೈವಾನಿಗೆ ಹೋಗಿ ದೀಕ್ಷೆ ಪಡೆದು ಬಂದವರು. ಸಂಘ ಈಗಲೂ ಇವರನ್ನು ಭಿಕ್ಷುಣಿ ಎಂದು ಒಪ್ಪಿಲ್ಲ. ಸುತ್ತಲಿನ ಜನ ಮಾತ್ರ ಅನ್ನ ಹಾಕುತ್ತಾರೆ.

ಮಗಳ ಋಣ ದುಡ್ಡಿನಲ್ಲೇ ತೀರಬೇಕು. ಇದನ್ನು ಇಷ್ಟು ಒರಟಾಗಿ ಅಲ್ಲಿ ಯಾರೂ ಹೇಳುವುದಿಲ್ಲ. ಈಶಾನ್ಯದ ಇಸಾನ್ ಸೀಮೆಯನ್ನು ನೋಡಿದರೆ ಅದೇ ಕಾಣುತ್ತದೆ. ದೇಶದ ಜನರಲ್ಲಿ ಮೂರನೇ ಒಂದು ಪಾಲು ಅಲ್ಲಿಯವರು. ಮಾತು ಲಾವೋಗೆ ಹತ್ತಿರ, ನೆಲ ಒಣ, ಮಳೆ ನಂಬುವಂಥದ್ದಲ್ಲ. ನಾವು ಮುದ್ದೆ ಮುರಿದು ಸಾರಿಗೆ ಅದ್ದುವ ಹಾಗೆ ಅಂಟನ್ನವನ್ನು ಬೆರಳಲ್ಲಿ ಉಂಡೆ ಕಟ್ಟಿ ಖಾರಕ್ಕೆ ಅದ್ದಿ ತಿನ್ನುವ ಜನ. ಮಣ್ಣಿನ ಇಲ್ಲವೇ ಮರದ ಒರಳಲ್ಲಿ ಪರಂಗಿಕಾಯಿ ತುರಿ, ಮೆಣಸಿನಕಾಯಿ, ಹುಳಿ, ಹುದುಗಿಸಿದ ಮೀನು ಹಾಕಿ ಜಜ್ಜುವ ‘ಸೋಮ್ ತಮ್’ ಅವರದು. ಒಂದು ಕಾಲಕ್ಕೆ ಬ್ಯಾಂಕಾಕಿನ ಮೇಲ್ವರ್ಗ ಮೂಗು ಮುಚ್ಚಿಕೊಳ್ಳುತ್ತಿದ್ದ ಆ ತಿನಿಸು ಈಗ ಎಸಿ ಹೋಟೆಲುಗಳಲ್ಲಿ ಇದೆ. ಅದನ್ನು ಜಜ್ಜುವವರಿಗೆ ಅಂಥ ಬಡ್ತಿ ಸಿಕ್ಕಿಲ್ಲ. ನಗರದ ಟ್ಯಾಕ್ಸಿ ಓಡಿಸುವವರು, ಕಟ್ಟಡ ಕಟ್ಟುವವರು, ಮನೆಗೆಲಸದವರು, ಗಾಡಿಯವರು ದೊಡ್ಡ ಸಂಖ್ಯೆಯಲ್ಲಿ ಇಸಾನಿನವರೇ. ಬಿಳಿ ಬಣ್ಣದ ಹುಚ್ಚು ನಮ್ಮಷ್ಟೇ ಇರುವ ಆ ದೇಶದಲ್ಲಿ ಬಿಸಿಲಿಗೆ ಕಪ್ಪಾದ ಇಸಾನಿನ ಮೈಬಣ್ಣ ಟಿವಿ ಧಾರಾವಾಹಿಗಳಲ್ಲಿ ಬಹುಕಾಲ ಕೆಲಸದವಳ ಪಾತ್ರಕ್ಕೇ ಮೀಸಲಾಗಿತ್ತು.

ಹಳ್ಳಿ ಬಿಟ್ಟು ಬಂದವರ ಈ ಸಂಕಟಕ್ಕೆ ಒಂದು ಹಾಡಿನ ಪ್ರಕಾರವೇ ಇದೆ, ‘ಲೂಕ್ ತುಂಗ್’. ಬಯಲಿನ ಮಕ್ಕಳು ಎಂದು ಅರ್ಥ. ಆ ಹಾಡುಗಳ ರಾಣಿ ಪುಂಪುವಾಂಗ್ ದುವಾಂಗ್‌ಚಾನ್ ಇಸಾನಿನವಳಲ್ಲ, ಮಧ್ಯ ಬಯಲಿನ ಸುಫಾನ್ ಬುರಿಯಲ್ಲಿ ಬೆಳೆದವಳು. ಕಬ್ಬಿನ ಗದ್ದೆಯ ಕೂಲಿ ಮನೆತನ, ಓದು-ಬರಹ ಇಲ್ಲ. ಸಾಲುಗಳನ್ನು ಕಿವಿಯಲ್ಲೇ ಕೇಳಿ ಕಲಿತು ಹಾಡಿದಳು. 1992ರಲ್ಲಿ, ಮೂವತ್ತು ದಾಟಿದ ಸ್ವಲ್ಪದರಲ್ಲೇ, ಲೂಪಸ್ ಕಾಯಿಲೆಯಿಂದ ತೀರಿಕೊಂಡಾಗ ಅಂತ್ಯಕ್ರಿಯೆಗೆ ಜನಸಾಗರ ಬಂತು, ಅರಮನೆಯವರೂ ಬಂದರು. ಈಗ ವಾತ್ ಥಪ್ ಕ್ರದಾನ್ ಎಂಬ ಗುಡಿಯಲ್ಲಿ ಅವಳ ಗೊಂಬೆಗಳಿವೆ. ಭಕ್ತರು ಲಿಪ್‌ಸ್ಟಿಕ್ಕು, ಉಡುಪು ತಂದಿಟ್ಟು ಲಾಟರಿ ನಂಬರು ಬೇಡುತ್ತಾರೆ.

ಲಾಟರಿ ಅಂದೆನಲ್ಲ, ಅದನ್ನು ಬಿಟ್ಟು ಥಾಯ್ ತಿಂಗಳು ಓಡುವುದಿಲ್ಲ. ಒಂದು ಮತ್ತು ಹದಿನಾರನೇ ತಾರೀಖು ಸರ್ಕಾರಿ ಲಾಟರಿಯ ಡ್ರಾ. ಅದರ ಬೆನ್ನಿಗೆ ‘ಹುವಾಯ್ ತಾಯ್ ದಿನ್’ ಎಂಬ ಕಾನೂನುಬಾಹಿರ ದಂಧೆ. ಹೆಸರಿನ ಅರ್ಥ ನೆಲದಡಿಯ ಲಾಟರಿ, ಸ್ವಭಾವ ನಮ್ಮ ಮಟ್ಕಾದ್ದು. ಕನಸಿನಲ್ಲಿ ಕಂಡ ಹಾವು, ಮರದ ತೊಗಟೆಯ ಗೆರೆ, ಅಪಘಾತವಾದ ಕಾರಿನ ನಂಬರ್ ಪ್ಲೇಟು, ಎಲ್ಲದರಲ್ಲೂ ಅಂಕಿ ಹುಡುಕುತ್ತಾರೆ. ಬ್ಯಾಂಕಾಕಿನ ಫ್ರಾಖನೋಂಗಿನಲ್ಲಿ ಮೆ ನಾಕ್ ಎಂಬ ದೆವ್ವದ ಗುಡಿಯಿದೆ. ಗಂಡ ಯುದ್ಧಕ್ಕೆ ಹೋಗಿದ್ದಾಗ ಹೆರಿಗೆಯಲ್ಲಿ ಸತ್ತು, ಮರಳಿ ಬಂದ ಗಂಡನೊಡನೆ ಏನೂ ಆಗದವಳಂತೆ ಸಂಸಾರ ಮಾಡಿದಳೆಂಬ ಹೆಂಗಸು. ಅವಳ ಮೇಲೆ ಎಷ್ಟೋ ಸಿನಿಮಾಗಳು ಬಂದಿವೆ. ಸೇನೆಗೆ ಗಂಡನನ್ನು ಕಳಿಸಬೇಕಾದ್ದಕ್ಕೆ ಅವಳಿಗೆ ಇನ್ನೂ ಸಿಟ್ಟಿದೆಯಂತೆ. ಸೇನಾ ಭರ್ತಿಯ ಚೀಟಿ ಎತ್ತುವ ಹುಡುಗರು ಅವಳ ಕೈಯಲ್ಲಿ ಈ ವಿಷಯ ಬೇಡಿಕೊಳ್ಳುವುದಿಲ್ಲ, ತಿರುಗುಬಾಣವಾದೀತೆಂದು. ಲಾಟರಿಗೆ ಮಾತ್ರ ಅಡ್ಡಿಯಿಲ್ಲ. ಎಷ್ಟೋ ಮನೆಗಳ ಅಂಗಳದಲ್ಲಿ ಕಂಬದ ಮೇಲೆ ಪುಟ್ಟ ಮನೆ, ‘ಫ್ರ ಫೂಮ್’ ಎಂಬ ಭೂಮಿಯ ಯಜಮಾನನಿಗೆ. ನೈವೇದ್ಯಕ್ಕೆ ಕೆಂಪು ಫ್ಯಾಂಟಾ, ಸ್ಟ್ರಾ ಸಮೇತ. ನಕ್ಕುಬಿಡುವುದು ಸುಲಭ. ಆದರೆ ಕೂಡಿಟ್ಟರೆ ಮೇಲೇರಬಹುದು ಅನ್ನುವ ನಂಬಿಕೆ ಕಡಿಮೆ ಇರುವಲ್ಲಿ ಅಂಕಿಯನ್ನು ನಂಬುವುದರಲ್ಲಿ ಒಂದು ವಿವೇಕವೂ ಇದೆ. ಕುಟುಂಬಗಳ ಸಾಲದ ಒಟ್ಟು ಮೊತ್ತ ದೇಶದ ಒಟ್ಟು ಉತ್ಪನ್ನದ ಶೇ. 90ರ ಆಸುಪಾಸಿಗೆ ಬಂದಿರುವ ನಾಡು ಅದು.

ಮತ್ತೆ ಮಗಳ ವಿಷಯಕ್ಕೆ ಬರುತ್ತೇನೆ. ಉತ್ತರ ಮತ್ತು ಇಸಾನಿನ ಹಳೆಯ ರೂಢಿಯಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಹೋಗುತ್ತಾನೆ. ಮನೆ ಕೊನೆಯ ಮಗಳಿಗೆ, ತಂದೆತಾಯಿಯ ಮುಪ್ಪೂ ಅವಳಿಗೇ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಾಯಿತಂದೆಗೆ ‘ಸಿನ್ ಸೋಟ್’ ಕೊಡಬೇಕು. ವರದಕ್ಷಿಣೆಗೆ ಮೊದಲು ನಮ್ಮ ಎಷ್ಟೋ ಸಮುದಾಯಗಳಲ್ಲಿದ್ದ ‘ತೆರ’ದ ಹಾಗೆ. ನೋಟಿನ ಕಟ್ಟುಗಳನ್ನು, ಚಿನ್ನವನ್ನು ತಟ್ಟೆಯಲ್ಲಿ ಹರಡಿ ನೆಂಟರೆದುರು ಎಣಿಸುತ್ತಾರೆ. ಹೆಣ್ಣು ಹುಟ್ಟಿದರೆ ಅಳುವ ಮನೆ ಅಲ್ಲಿ ಕಡಿಮೆ. ಭ್ರೂಣಹತ್ಯೆಯ ನಾಚಿಕೆ ಹೊತ್ತ ನಾವು ಇದನ್ನು ಗಮನಿಸಬೇಕು. ಆದರೆ ಮಗಳಿಗೆ ಬೆಲೆ ಇದೆ ಅನ್ನುವ ಮಾತಿಗೆ ಎರಡು ಅರ್ಥ. ಅಪ್ಪನ ಸಾಲ, ತಮ್ಮನ ಶಾಲೆ, ಸಿಮೆಂಟಿನ ಮನೆ, ಎಲ್ಲದರ ಹೊರೆಯನ್ನು ‘ಬುನ್‌ಖುನ್’ ಎಂಬ ಉಪಕಾರಸ್ಮರಣೆಯ ಹೆಸರಿನಲ್ಲಿ ಅವಳ ಹೆಗಲಿಗೆ ಏರಿಸುತ್ತಾರೆ. ಅವಳು ಗಾರ್ಮೆಂಟ್ ಕಾರ್ಖಾನೆಗೆ ಹೋಗುತ್ತಾಳೆ, ಮಸಾಜ್ ಅಂಗಡಿಗೆ ಹೋಗುತ್ತಾಳೆ, ಕೆಲವೊಮ್ಮೆ ಬಾರಿಗೂ.

ಕನ್ನಡದವರು ನೋಡಿ ಬರುವ ಥಾಯ್ಲೆಂಡು ಬಹುತೇಕ ಈ ಬಾರಿನ ಬೀದಿಯೇ. ಬೆಂಗಳೂರಿಂದ ಹೆಚ್ಚುಕಡಿಮೆ ನಾಲ್ಕು ಗಂಟೆಯ ವಿಮಾನ, ಪಟ್ಟಾಯ ಸೇರಿಸಿದ ಪ್ಯಾಕೇಜು, ಊರಿಗೆ ಬಂದ ಮೇಲೆ ಕಣ್ಣು ಮಿಟುಕಿಸುವ ಮಾತು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದ ಸೈನಿಕರ ವಿಶ್ರಾಂತಿಗೆಂದು ಬೆಳೆದದ್ದು ಆ ಬೀದಿ. 1960ರಲ್ಲೇ ಕಾನೂನು ಮೈಮಾರಾಟವನ್ನು ನಿಷೇಧಿಸಿತ್ತು. ನಿಷೇಧದಿಂದ ನಿಂತದ್ದೇನೂ ಇಲ್ಲ, ಆ ಹೆಂಗಸರು ಪೊಲೀಸರಿಗೆ ಮಾಮೂಲು ಕೊಡುವವರಾದರು ಅಷ್ಟೆ. ಊರಿನಲ್ಲಿ ಇವರನ್ನು ಬೈಯುವ ಬಾಯಿಯೇ ಇವರು ಕಟ್ಟಿಸಿದ ಗುಡಿಯ ಗೋಡೆಗೆ ಕೈಮುಗಿಯುತ್ತದೆ. ಕೆಲವರು ಬಿಳಿಯರನ್ನು ಮದುವೆಯಾಗುತ್ತಾರೆ. ಇಸಾನಿನ ಹಳ್ಳಿಗಳಲ್ಲಿ ‘ಖೋಯ್ ಫರಂಗ್’, ಪರಂಗಿ ಅಳಿಯ, ಈಗ ಸಾಮಾನ್ಯ. ಫರಂಗ್ ನಮ್ಮ ‘ಪರಂಗಿ’ಯೇ. ನಾವು ಆ ಹೆಸರನ್ನು ಪಪ್ಪಾಯಿಗೆ ಕೊಟ್ಟೆವು, ಅವರು ಸೀಬೆಹಣ್ಣಿಗೆ ಕೊಟ್ಟರು.

ಅಣ್ಣ-ತಮ್ಮನೆಂಬ ಈ ದೊಡ್ಡ ಮನೆಯೊಳಗೆ ಎಲ್ಲರಿಗೂ ಜಾಗವಿಲ್ಲ. ಭಾರತೀಯರು, ಮಲಯರು, ಅರಬರು ‘ಖೇಕ್’. ಅರ್ಥ ಅತಿಥಿ, ಧ್ವನಿ ಅಷ್ಟು ಸಿಹಿಯಲ್ಲ. ತಮಿಳರು ಕಟ್ಟಿದ ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿ ‘ವಾತ್ ಖೇಕ್’. ಅಲ್ಲಿ ನವರಾತ್ರಿಗೆ ಮುಗಿಬೀಳುವವರು ಮಾತ್ರ ಬಹುಪಾಲು ಥಾಯ್ ಜನ. ದಕ್ಷಿಣದ ಪಟ್ಟಾನಿ, ಯಾಲಾ, ನಾರಾಥಿವಾತ್ ಪ್ರಾಂತ್ಯಗಳ ಮಲಯ ಮುಸ್ಲಿಮರ ಸ್ಥಿತಿ ಇದಕ್ಕಿಂತ ಬೇರೆ, ಕಠೋರ. 2004ರ ಅಕ್ಟೋಬರ್ 25ರಂದು ತಾಕ್ ಬಾಯ್‌ನಲ್ಲಿ ಪ್ರತಿಭಟಿಸಿದವರ ಕೈಗಳನ್ನು ಹಿಂದಕ್ಕೆ ಕಟ್ಟಿ ಸೇನೆಯ ಲಾರಿಗಳಲ್ಲಿ ಒಬ್ಬರ ಮೇಲೊಬ್ಬರನ್ನು ಪೇರಿಸಿದರು. 78 ಮಂದಿ ಉಸಿರುಗಟ್ಟಿ ಸತ್ತರು. ಒಟ್ಟು ಸಾವು 85. ಇಪ್ಪತ್ತು ವರ್ಷದ ಕಾಲಮಿತಿ 2024ರ ಅದೇ ದಿನ ಮುಗಿಯಿತು, ಆರೋಪಿಗಳಲ್ಲಿ ಒಬ್ಬರೂ ಕಟಕಟೆಗೆ ಬರಲಿಲ್ಲ. 2018ರಲ್ಲಿ ಥಾಮ್ ಲುವಾಂಗ್ ಗುಹೆಯಿಂದ ಹೊರಬಂದ ಹನ್ನೆರಡು ಹುಡುಗರು ಮತ್ತು ಕೋಚ್ ನೆನಪಿರಬಹುದು. ಅವರಲ್ಲಿ ಮೂವರು ಹುಡುಗರಿಗೆ, ಆ ಕೋಚ್‌ಗೆ ಅಲ್ಲಿಯವರೆಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಲೋಕವೆಲ್ಲ ನೋಡಿದ್ದರಿಂದ ಒಂದು ತಿಂಗಳಲ್ಲಿ ಸಿಕ್ಕಿತು. ಗಡಿಯ ಗುಡ್ಡಗಳಲ್ಲಿ ಅವರಂಥ ಲಕ್ಷಾಂತರ ಜನ ಇನ್ನೂ ಕಾಯುತ್ತಿದ್ದಾರೆ.

ಶಾಲೆಗೆ ಬರೋಣ. ಜೂನ್ ತಿಂಗಳ ಗುರುವಾರವೊಂದರಲ್ಲಿ ‘ವಾಯ್ ಖ್ರೂ’, ಗುರುವಂದನೆ. ಮಕ್ಕಳು ಮಂಡಿಯೂರಿ ಮೇಷ್ಟರಿಗೆ ಒಪ್ಪಿಸುವ ತಟ್ಟೆಯಲ್ಲಿ ಗರಿಕೆ, ಬದನೆ ಹೂ, ಕೇಪಳದ ಹೂ ಇರಬೇಕು. ಗರಿಕೆಯ ಹಾಗೆ ಹಬ್ಬುವ ಬುದ್ಧಿ, ಬದನೆ ಹೂವಿನ ಹಾಗೆ ಬಾಗಿದ ವಿನಯ, ಕೇಪಳದ ಮೊಗ್ಗಿನಂಥ ಚೂಪು. ಇಷ್ಟು ಚೆಂದದ ಆಚರಣೆ ನಡೆಯುವ ಅಂಗಳದಲ್ಲೇ ಮೇಷ್ಟರು ಕತ್ತರಿ ಹಿಡಿದು ನಿಲ್ಲುತ್ತಿದ್ದರು. ಹುಡುಗರ ತಲೆ ಸಿಪಾಯಿಯಂತೆ ಬೋಳು ಬೋಳು, ಹುಡುಗಿಯರ ಕೂದಲು ಕಿವಿಯ ತುದಿಗೆ. 1970ರ ದಶಕದ ಸೈನಿಕ ಆಡಳಿತದ ಕಾಲದಿಂದ ಬಂದ ನಿಯಮ. ಒಂದು ಬೆರಳು ಉದ್ದವಾದರೆ ಎಲ್ಲರೆದುರು ಕಚಕಚ. ವಿಶ್ವವಿದ್ಯಾಲಯದಲ್ಲೂ ಸಮವಸ್ತ್ರ, ಜೊತೆಗೆ ಹೊಸಬರನ್ನು ‘ಪೀ’ಗಳು ಕಿರುಚಿ ಹದ್ದುಬಸ್ತಿಗೆ ತರುವ ವಾರಗಟ್ಟಲೆಯ ರ‍್ಯಾಗಿಂಗು. ಇಪ್ಪತ್ತೊಂದಕ್ಕೆ ಸೇನೆಯ ಚೀಟಿ: ಏಪ್ರಿಲಿನಲ್ಲಿ ಸಾಲಾಗಿ ನಿಂತು ಡಬ್ಬಿಗೆ ಕೈ ಹಾಕಬೇಕು, ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಬ್ಯಾರಕ್ಕಿಗೆ. ಕೆಂಪು ಕಂಡು ಮೂರ್ಛೆ ಹೋದವರ ವಿಡಿಯೋಗಳನ್ನು ಪ್ರತಿ ವರ್ಷ ದೇಶ ನೋಡಿ ನಗುತ್ತದೆ.

ಈ ವಿನಯದ ಕಟ್ಟು ಸಡಿಲಿದ್ದು 2020ರಲ್ಲಿ. ‘ಕೆಟ್ಟ ವಿದ್ಯಾರ್ಥಿಗಳು’ ಎಂದು ತಮ್ಮನ್ನು ತಾವೇ ಕರೆದುಕೊಂಡ ಹೈಸ್ಕೂಲು ಮಕ್ಕಳು ಶಿಕ್ಷಣ ಸಚಿವಾಲಯದ ಮುಂದೆ ಬಂದು ನಿಂತರು. ರಾಷ್ಟ್ರಗೀತೆಯ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಮೂರು ಬೆರಳು ಮೇಲೆದ್ದವು. ಹಾಲಿವುಡ್ ಸಿನಿಮಾವೊಂದರಿಂದ ಎತ್ತಿಕೊಂಡ ಸಂಜ್ಞೆ ಅದು. ಅದೇ ವರ್ಷದ ಆಗಸ್ಟ್ 10ರಂದು ಥಮ್ಮಸಾತ್ ವಿಶ್ವವಿದ್ಯಾಲಯದ ಆವರಣದಲ್ಲಿ ಅರಸೊತ್ತಿಗೆಯ ಸುಧಾರಣೆಗೆ ಹತ್ತು ಬೇಡಿಕೆಗಳನ್ನು ಮೈಕಿನಲ್ಲಿ ಓದಿದರು. ಅರಸನ ಬಗ್ಗೆ ಆಡಿದ ಒಂದೊಂದು ಮಾತಿಗೂ ಮೂರರಿಂದ ಹದಿನೈದು ವರ್ಷ ಜೈಲು ಎನ್ನುವ 112ನೇ ಕಲಮು ಇರುವ ದೇಶದಲ್ಲಿ! ಎಪ್ಪತ್ತು ವರ್ಷ ಆಳಿ 2016ರಲ್ಲಿ ತೀರಿಕೊಂಡ ಭೂಮಿಬೋಲ್ ಅರಸನನ್ನು ಹಿರಿಯರು ‘ಫೋ’, ಅಪ್ಪ, ಎನ್ನುತ್ತಿದ್ದರು. ಅವನ ಹುಟ್ಟುಹಬ್ಬವೇ ಅಪ್ಪಂದಿರ ದಿನ. 2014ರ ದಂಗೆಯ ಸೇನಾಪತಿಯನ್ನು ‘ಲುಂಗ್’, ದೊಡ್ಡಪ್ಪ, ಎನ್ನುತ್ತಿದ್ದರು. ಅಪ್ಪನ, ದೊಡ್ಡಪ್ಪನ ಮಾತು ಮೀರುವ ಮಕ್ಕಳು ಬರಿಯ ರಾಜಕೀಯ ಮಾಡುತ್ತಿರಲಿಲ್ಲ; ಮನೆಯ ಊಟದ ಮೇಜಿನಲ್ಲಿ ಜಗಳವಾಯಿತು, ಹುಡುಗರು ಮನೆ ಬಿಟ್ಟರು.

ಹಿರಿಯರ ಕಡೆಯಿಂದಲೂ ಒಂದು ಬಂಡಾಯ ಹಿಂದೆಯೇ ನಡೆದಿತ್ತು ಅನ್ನುವುದನ್ನು ನಗರದ ಹುಡುಗರು ಮರೆಯುತ್ತಾರೆ. 2010ರಲ್ಲಿ ಇಸಾನ್ ಮತ್ತು ಉತ್ತರದ ‘ಕೆಂಪಂಗಿ’ಗಳು ಬ್ಯಾಂಕಾಕಿನ ಮಾಲುಗಳ ನಡುವೆ ವಾರಗಟ್ಟಲೆ ಕೂತರು. ಅಂಗಿಯ ಮೇಲೆ ‘ಪ್ರೈ’ ಎಂದು ಬರೆದುಕೊಂಡಿದ್ದರು, ಸಕ್ದಿನಾ ಕಾಲದ 25ರ ಅಂಕಿಯ ಒಕ್ಕಲು. ಎದುರಾಳಿ ‘ಅಮ್ಮಾತ್’, ನಮ್ಮ ಅಮಾತ್ಯ. ಸೇನೆ ತೆರವು ಮಾಡುವ ಹೊತ್ತಿಗೆ 90ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಅವರಿಗೆ ಬೇಕಿದ್ದದ್ದು ಸಿದ್ಧಾಂತವಲ್ಲ. 2001ರಲ್ಲಿ ಶುರುವಾದ ಮೂವತ್ತು ಬಾತ್ ಚಿಕಿತ್ಸೆಯ ಯೋಜನೆ ಅವರ ಬದುಕನ್ನು ಮುಟ್ಟಿತ್ತು: ಯಾವ ಕಾಯಿಲೆಗೂ ಮೂವತ್ತೇ ಬಾತ್. ಅದನ್ನು ತಂದ ಸರ್ಕಾರವನ್ನು 2006ರಲ್ಲಿ ಟ್ಯಾಂಕುಗಳು ಕಿತ್ತುಹಾಕಿದವು. 2023ರಲ್ಲಿ ಹುಡುಗರ ಮೆಚ್ಚಿನ ಪಕ್ಷ 500ರಲ್ಲಿ 151 ಸ್ಥಾನ ಗೆದ್ದು ಮೊದಲು ಬಂತು. ಅಧಿಕಾರ ಸಿಗಲಿಲ್ಲ, ಮರುವರ್ಷ ನ್ಯಾಯಾಲಯ ಪಕ್ಷವನ್ನೇ ವಿಸರ್ಜಿಸಿತು. ‘ಜೈಲು ಇರುವುದು ಬಡವರನ್ನು ಕೂಡಿಹಾಕಲಿಕ್ಕೆ’ ಎಂಬುದು ಅಲ್ಲಿನ ಬೀದಿಮಾತು. 2012ರಲ್ಲಿ ಶ್ರೀಮಂತ ಮನೆತನದ ಯುವಕನೊಬ್ಬನ ಕಾರು ಗುದ್ದಿ ಪೊಲೀಸನೊಬ್ಬ ಸತ್ತ. ಹತ್ತು ವರ್ಷವಾದರೂ ಆರೋಪಿಯ ವಿಚಾರಣೆ ನಡೆಯದೆ ಇದ್ದುದು ಆ ಮಾತಿಗೆ ಜನ ಕೊಡುವ ಉದಾಹರಣೆ.

ಗೆದ್ದದ್ದೂ ಇದೆ. ಮದುವೆಗೆ ಥಾಯ್ ಕಾನೂನಿನ ಪದ ‘ಸೋಮ್‌ರೋತ್’. ಬಿಡಿಸಿ ಬರೆದರೆ ಸಮ-ರಸ. 2025ರ ಜನವರಿ 23ರಂದು ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳು ಸಾವಿರಕ್ಕೂ ಮಿಕ್ಕಿ ಒಂದೇ ದಿನ ನೋಂದಣಿ ಕಚೇರಿಗಳಲ್ಲಿ ಸಮರಸದ ಕಾಗದ ಪಡೆದರು. ಆಗ್ನೇಯ ಏಷ್ಯಾದಲ್ಲಿ ಇದು ಮೊದಲು. ‘ಕತೋಯ್’ಗಳನ್ನು, ಅಂದರೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರನ್ನು, ಬ್ಯೂಟಿ ಪಾರ್ಲರಿನಲ್ಲಿ, ಟಿವಿ ಹಾಸ್ಯದಲ್ಲಿ ನಗುತ್ತಾ ಒಪ್ಪಿಕೊಂಡಿದ್ದ ಸಮಾಜ ಕಾಗದದ ಮೇಲೆ ಒಪ್ಪಲು ಇಷ್ಟು ಕಾಲ ಹಿಡಿಯಿತು. ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಳ್ಳುವ ಹಕ್ಕು ಈಗಲೂ ಇಲ್ಲ. ಕೂದಲಿನ ಹಳೆಯ ನಿಯಮವನ್ನು ಕೂಡ 2025ರಲ್ಲಿ ನ್ಯಾಯಾಲಯ ರದ್ದು ಮಾಡಿತು.

ಆದರೆ ಅಷ್ಟು ಹೊತ್ತಿಗೆ ಶಾಲೆಗಳಲ್ಲಿ ಕೂದಲು ಬಿಡಲು ಮಕ್ಕಳೇ ಕಡಿಮೆಯಾಗಿದ್ದರು. 1970ರ ದಶಕದಲ್ಲಿ ಮೆಚಾಯ್ ವಿರವೈದ್ಯ ಎಂಬಾತ ಹಳ್ಳಿಹಳ್ಳಿಗೆ ಹೋಗಿ ನಿರೋಧ್ ಊದುವ ಸ್ಪರ್ಧೆ ಇಟ್ಟು, ಭಿಕ್ಷುಗಳ ಕೈಯಲ್ಲಿ ಅದಕ್ಕೆ ಮಂತ್ರಜಲ ಹಾಕಿಸಿ ಕುಟುಂಬ ಯೋಜನೆ ಕಲಿಸಿದ. ಅಲ್ಲಿ ನಿರೋಧ್‌ಗೇ ‘ಮೆಚಾಯ್’ ಎಂಬ ಹೆಸರು ಬಿತ್ತು. ನಮ್ಮ ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್ನುಗಳನ್ನು ನೆನೆದರೆ ಹೊಟ್ಟೆಕಿಚ್ಚಾಗುವ ಯಶಸ್ಸು. ಯಶಸ್ಸು ಹೆಚ್ಚೇ ಆಯಿತೇನೋ. 2021ರಿಂದ ಹುಟ್ಟಿಗಿಂತ ಸಾವು ಹೆಚ್ಚು. 2024ರಲ್ಲಿ ಹುಟ್ಟಿದ ಮಕ್ಕಳು ಐದು ಲಕ್ಷಕ್ಕಿಂತ ಕಡಿಮೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಅರವತ್ತು ದಾಟಿದವರು. ಸರ್ಕಾರದ ವೃದ್ಧಾಪ್ಯ ವೇತನ ತಿಂಗಳಿಗೆ 600ರಿಂದ 1,000 ಬಾತ್. ಬಾಗಿಲಿಗೆ ಬಂದು ರಕ್ತದೊತ್ತಡ ನೋಡುವವರು ಹಳ್ಳಿಯ ಆರೋಗ್ಯ ಸ್ವಯಂಸೇವಕರು, ನಮ್ಮ ಆಶಾ ಕಾರ್ಯಕರ್ತೆಯರಂಥವರು. ದೇಶದಲ್ಲಿ ಅವರ ಸಂಖ್ಯೆ ಹತ್ತು ಲಕ್ಷದಷ್ಟಿದೆ. ನಗರಕ್ಕೆ ಹೋದ ಮಗಳು ಬಿಟ್ಟುಹೋದ ಕೂಸನ್ನು ಸಾಕುತ್ತಿರುವವಳು ‘ಯಾಯ್’, ತಾಯಿಯ ತಾಯಿ. ಯಾಯ್ ಮಲಗಿದರೆ ನೋಡಿಕೊಳ್ಳಲು ಬರುವವಳು ಎಷ್ಟೋ ಕಡೆ ಮ್ಯಾನ್ಮಾರಿನಿಂದ ಬಂದ ಕೂಲಿ ಹೆಂಗಸು.

ಅಯುತ್ತಯ ಪ್ರಾಂತ್ಯದ ಒಂದು ಊರಿನಲ್ಲಿ ಮುದುಕರಿಗಾಗಿಯೇ ಶಾಲೆಯಿದೆ. ವಾರಕ್ಕೊಮ್ಮೆ ಅಜ್ಜಿಯರು ಕೆಂಪು ಲಂಗ, ಬಿಳಿ ಅಂಗಿಯ ಸಮವಸ್ತ್ರ ತೊಟ್ಟು, ಕೂದಲಿಗೆ ರಿಬ್ಬನ್ ಕಟ್ಟಿ, ಹೆಗಲಿಗೆ ಚೀಲ ಏರಿಸಿಕೊಂಡು ಬರುತ್ತಾರೆ. ಒಂಟಿತನ ಕಳೆಯಲೆಂದು ಶುರುವಾದ ಶಾಲೆ. ಬೆಳಿಗ್ಗೆ ಸಾಲಾಗಿ ನಿಲ್ಲುತ್ತಾರೆ, ಹಾಡು ಹೇಳುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಎಪ್ಪತ್ತೈದರ ಅಜ್ಜಿಯನ್ನು ಎಂಬತ್ತರವಳು ಕರೆಯುವುದು ‘ನೋಂಗ್’ ಎಂದೇ.